ಹಬಾರ್ಡಿಯಾ ಹುಲ್ಲಿನ 1919ರ ದಾಖಲೆ: ನಕ್ಷೆಯಲ್ಲಿ ಚುಕ್ಕೆ ಗೇರುಸೊಪ್ಪೆ ಊರಿನ ಮೇಲೆ ಬೀಳುತ್ತಿದೆ, ಯಾಕೆ?

ಕಣಿವೆಹುಲ್ಲು:
ನಮಸ್ಕಾರ. ಶರಾವತಿ ಕಣಿವೆಯ ಅಪರೂಪದ ಸಸ್ಯಗಳ ನಕ್ಷೆ ಮಾಡ್ತಿದ್ದೀನಿ. ಹಬಾರ್ಡಿಯಾ ಹೆಪ್ಟಾನ್ಯೂರಾನ್ ದಾಖಲೆಗಳನ್ನು ಡೌನ್‌ಲೋಡ್ ಮಾಡಿ ನಕ್ಷೆ ತಂತ್ರಾಂಶ ಕ್ಯೂಜಿಐಎಸ್‌ಗೆ ಹಾಕಿದೆ. ಒಂದು ಚುಕ್ಕೆ ಹೊನ್ನಾವರ ತಾಲ್ಲೂಕಿನ ಗೇರುಸೊಪ್ಪೆ ಮೇಲೆ ಬಿತ್ತು. ಇನ್ನೊಂದು ಸಾಲಿನಲ್ಲಿ ಅಕ್ಷಾಂಶ-ರೇಖಾಂಶ ಇಲ್ಲ, ರಾಜ್ಯದ ಕಾಲಂನಲ್ಲಿ ‘ಮಹಾರಾಷ್ಟ್ರ’ ಅಂತಿದೆ. ಎರಡನ್ನೂ ಸಂಗ್ರಹಿಸಿದವರು ಸೆಡ್ಜ್‌ವಿಕ್ ಮತ್ತು ಬೆಲ್, ವರ್ಷ 1919. ಇದು ಜಲಪಾತದ ತುಂತುರಿನಲ್ಲಿ ಬೆಳೆಯುವ ಹುಲ್ಲು ತಾನೇ? ಆ ಊರಲ್ಲಿ ಜಲಪಾತ ಎಲ್ಲಿದೆ? ಪ್ರೊಜೆಕ್ಷನ್ (ಭೂಮಿಯ ಮೇಲ್ಮೈಯನ್ನು ನಕ್ಷೆಗೆ ಇಳಿಸುವ ಲೆಕ್ಕ) ಬದಲಿಸಿ ನೋಡಿದೆ, ಚುಕ್ಕೆ ಕದಲಲಿಲ್ಲ.

ಹಳೆಹಾಳೆ:
ಪ್ರೊಜೆಕ್ಷನ್ ಸರಿಯಾಗೇ ಇದೆ. ಎಡವಟ್ಟಾಗಿರೋದು ಹೆಸರಿನಲ್ಲಿ. ಬ್ರಿಟಿಷರ ಕಾಲದ, ಒಣಗಿಸಿದ ಗಿಡ ಅಂಟಿಸಿದ ಹಾಳೆಗಳ ಲೇಬಲ್‌ಗಳಲ್ಲಿ ‘ಗೆರ್ಸೊಪ್ಪಾ ಫಾಲ್ಸ್’ ಅಂದರೆ ನಮ್ಮ ಜೋಗ. ಊರಿನ ಹೆಸರನ್ನು ನೋಡಿ ತಂತ್ರಾಂಶ ತಾನೇ ಜಾಗ ಹುಡುಕಿದಾಗ ‘ಫಾಲ್ಸ್’ ಬಿಟ್ಟು ಗೇರುಸೊಪ್ಪೆ ಹಿಡಿದಿದೆ. ಎರಡರ ನಡುವೆ ನೇರವಾಗಿ ಅಳೆದರೂ 15 ಕಿ.ಮೀ.ಗಿಂತ ಹೆಚ್ಚು ದೂರ, ಜೊತೆಗೆ ಇಡೀ ಘಟ್ಟದ ಎತ್ತರದ ವ್ಯತ್ಯಾಸ. ತುಂತುರನ್ನೇ ನಂಬಿದ ಹುಲ್ಲಿಗೆ ಇದು ಸಣ್ಣ ತಪ್ಪಲ್ಲ.

ಮಹಾರಾಷ್ಟ್ರವೂ ಇದೇ ತರಹ. ಉತ್ತರ ಕನ್ನಡ 1956ರವರೆಗೆ ಬಾಂಬೆಗೆ ಸೇರಿತ್ತು. ‘ಬಾಂಬೆ’ ಕಂಡವರು ಈಗಿನ ರಾಜ್ಯ ತುಂಬಿರಬೇಕು.

ಹೀಗೆ ಮಾಡಿ: ಲೇಬಲ್ಲಿನ ಮೂಲ ಬರಹವನ್ನು ಒಂದಕ್ಷರ ತಿದ್ದದೆ ಪ್ರತ್ಯೇಕ ಕಾಲಂನಲ್ಲಿ ಉಳಿಸಿ. ಬಿಂದುವನ್ನು ಜೋಗಕ್ಕೆ ತನ್ನಿ, ಸುಮಾರು 14.229 ಉತ್ತರ, 74.812 ಪೂರ್ವ. ಅನಿಶ್ಚಿತತೆ (ಬಿಂದು ಎಷ್ಟು ಆಚೀಚೆ ಇರಬಹುದು ಅನ್ನೋದು) 2000 ಮೀಟರ್ ಕೊಡಿ, ಯಾಕೆಂದರೆ ಅವರು ಯಾವ ದಡದಲ್ಲಿ ಕಿತ್ತರು ಅನ್ನೋದು ಜಲಪಾತದ ಹೆಸರಿಂದ ಗೊತ್ತಾಗಲ್ಲ. ಆಗ ಒಂದು ದಡ ಮೈಸೂರು ಸಂಸ್ಥಾನ, ಇನ್ನೊಂದು ಬಾಂಬೆ ಪ್ರಾಂತ್ಯ. ಬಿಂದು ಬದಲಿಸಿದ ಕಾರಣವನ್ನೂ ಬರೆದಿಡಿ. ಆಮೇಲೆ ಎರಡೂ ಹಾಳೆಗಳ ಸಂಗ್ರಹ ಸಂಖ್ಯೆ (ಕಿತ್ತವರು ಕೊಟ್ಟ ನಂಬರ್) ಹೋಲಿಸಿ. ಒಂದೇ ಆಗಿದ್ದರೆ ಅವು ಒಂದೇ ಸಂಗ್ರಹದ ನಕಲು ಹಾಳೆಗಳು, ನಕ್ಷೆಗೆ ಒಂದೇ ದಾಖಲೆ.

ತುಂತುರು:
ಒಂದು ಮಾತು ಸೇರಿಸ್ತೀನಿ. ಆ ಚುಕ್ಕೆಯನ್ನು ‘ಈಗ ಇದೆ’ ಅನ್ನೋ ಬಣ್ಣದಲ್ಲಿ ದಯವಿಟ್ಟು ತೋರಿಸಬೇಡಿ. 1919ರಲ್ಲಿ ಕಿತ್ತ ಹುಲ್ಲಿಗೆ ಸಸ್ಯಶಾಸ್ತ್ರಜ್ಞ ಬೋರ್ ಹೆಸರಿಟ್ಟಿದ್ದು 1951ರಲ್ಲಿ, ಲಂಡನ್ನಿನ ಕ್ಯೂ ಸಸ್ಯೋದ್ಯಾನದ ಹುಲ್ಲುತಜ್ಞ ಹಬಾರ್ಡ್ ಗೌರವಕ್ಕೆ. 1964ರ ಹೊತ್ತಿಗೆ ಮೇಲೆ ಲಿಂಗನಮಕ್ಕಿ ಅಣೆಕಟ್ಟು ಬಂತು, ಜೋಗದ ನೀರು ಮೊದಲಿನಂತೆ ಬೀಳಲಿಲ್ಲ. ಆಮೇಲೆ ಹುಡುಕಿದವರಿಗೆ ಅಲ್ಲಿ ಹುಲ್ಲು ಸಿಗಲಿಲ್ಲ, ಅಳಿದೇ ಹೋಯಿತು ಅಂದುಕೊಂಡಿದ್ದರು. ಈ ಶತಮಾನದ ಶುರುವಿನಲ್ಲಿ ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದ ಎಸ್.ಆರ್. ಯಾದವ್ ಮತ್ತು ಸಂಗಡಿಗರು ಮಹಾರಾಷ್ಟ್ರದ ತಿಲ್ಲಾರಿಯಲ್ಲಿ ಅದನ್ನು ಮತ್ತೆ ಕಂಡರು. ಹಾಗಾಗಿ ಮಹಾರಾಷ್ಟ್ರದ ಸಾಲುಗಳನ್ನೆಲ್ಲ ಒಟ್ಟಿಗೆ ಅಳಿಸಬೇಡಿ, ನಿಜವಾದ ತಿಲ್ಲಾರಿ ದಾಖಲೆಯೂ ಹೋಗುತ್ತೆ. ತಿಲ್ಲಾರಿಯ ನಿಖರ ಬಿಂದುವನ್ನು ಮಾತ್ರ ಸಾರ್ವಜನಿಕ ನಕ್ಷೆಗೆ ಹಾಕಬೇಡಿ. ಜಿಲ್ಲೆ ತೋರಿಸಿದರೆ ಸಾಕು. ಇಷ್ಟು ಅಪರೂಪದ ಗಿಡದ ದಾರಿ ಎಲ್ಲರಿಗೂ ತಿಳಿಯುವುದು ಬೇಡ.

ಕಣಿವೆಹುಲ್ಲು:
ಇಬ್ಬರಿಗೂ ತುಂಬಾ ಧನ್ಯವಾದ. ಹಾಳೆಗಳ ಫೋಟೋ ದೊಡ್ಡದು ಮಾಡಿ ನೋಡಿದೆ, ಸಂಖ್ಯೆ ಒಂದೇ. ಎರಡನ್ನೂ ಸೇರಿಸಿ ಒಂದು ದಾಖಲೆ ಮಾಡಿದ್ದೀನಿ. ಜೋಗದಲ್ಲಿ ಈಗ ಟೊಳ್ಳು ವೃತ್ತ, ಪಕ್ಕದಲ್ಲಿ ‘1919’. ಡೇಟಾಬೇಸ್‌ನವರಿಗೂ ಲೇಬಲ್ಲಿನ ಫೋಟೋ ಸಮೇತ ತಿದ್ದುಪಡಿ ಬರೆದು ಕಳಿಸಿದ್ದೀನಿ. ಗೆರ್ಸೊಪ್ಪಾ ಅಂತಿರುವ ಬೇರೆ ಸಸ್ಯಗಳ ಸಾಲುಗಳನ್ನೂ ಇವತ್ತಿಂದ ಒಂದೊಂದೇ ತೆಗೆದು ನೋಡ್ತೀನಿ.