ಸಹಾಯ ಬೇಕು: ಮಾಳಿಗೆ ಕೆಳಗಿನ ರೂಮಿಗೆ ಎಸಿ ಸಾಲುತ್ತಿಲ್ಲ (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ನಮ್ಮ ಅವ್ವನಿಗೆ 72 ವರ್ಷ, ಬಿಪಿ ಇದೆ. ಅವರಿಗಾಗಿಯೇ ಹೋದ ವರ್ಷ 1 ಟನ್ ಇನ್ವರ್ಟರ್ ಎಸಿ ಹಾಕಿಸಿದೆವು. ರೂಮು 12x14 ಅಡಿ, ಮೇಲೆ ನೇರ ಮಾಳಿಗೆ. ನಮ್ಮೂರ ಮೇ ತಿಂಗಳ ಬಿಸಿಲು ನಿಮಗೆ ಗೊತ್ತೇ ಇದೆ, 42 ಡಿಗ್ರಿ ದಾಟುತ್ತದೆ. ಸ್ಲ್ಯಾಬ್ ದಿನವಿಡೀ ಕಾಯ್ದು, ರಾತ್ರಿ ಹನ್ನೊಂದರವರೆಗೂ ಧಗೆ ಬಿಡುತ್ತದೆ.

ಮೊದಲು 18ಕ್ಕೆ ಇಡುತ್ತಿದ್ದೆವು. ಬೇಗ ತಂಪಾಗುತ್ತದೆ ಅಂದುಕೊಂಡಿದ್ದೆ. ಹಾಗೇನಿಲ್ಲ, ಯಂತ್ರ ಸುಮ್ನೆ ಜಾಸ್ತಿ ಹೊತ್ತು ದುಡಿಯುತ್ತದೆ ಅಷ್ಟೇ. ಒಂದು ಡಿಗ್ರಿ ಏರಿಸಿದರೆ ಸುಮಾರು 6 ಶೇಕಡಾ ಕರೆಂಟ್ ಉಳಿಯುತ್ತದಂತೆ. ಈಗ 26ಕ್ಕೆ ಇಟ್ಟು ಫ್ಯಾನ್ ಸಣ್ಣಗೆ ಹಾಕುತ್ತೇವೆ. ಎರಡು ವಾರಕ್ಕೊಮ್ಮೆ ಫಿಲ್ಟರ್ ತೊಳೆಯುತ್ತೇನೆ, ನಮ್ಮ ಧೂಳಿಗೆ ಅದು ಬೇಕೇ ಬೇಕು. ಬಾಗಿಲ ಸಂದಿಗೆ ಹಳೇ ಸೀರೆ ತುರುಕಿದ್ದೇವೆ. ರಾತ್ರಿ ಪರವಾಗಿಲ್ಲ. ಆದರೆ ಮಧ್ಯಾಹ್ನ 2ರಿಂದ 6ರವರೆಗೆ ರೂಮು 31ರ ಕೆಳಗೆ ಇಳಿಯುವುದೇ ಇಲ್ಲ. ಅವ್ವ ಒದ್ದೆ ಟವೆಲ್ ಹೊದ್ದು ಮಲಗುತ್ತಾರೆ. ನೋಡಲು ಆಗುವುದಿಲ್ಲ.

ಹೊರಗಿನ ಯೂನಿಟ್ ಪಡುವಣ ಗೋಡೆಗಿದೆ, ಇಳಿಬಿಸಿಲು ಪೂರ್ತಿ ಅದರ ಮೇಲೆ. ನೆರಳು ಮಾಡಬೇಕು, ಆದರೆ ಬಿಸಿ ಗಾಳಿ ಹೊರಹೋಗಲು ಎಷ್ಟು ಜಾಗ ಬಿಡಬೇಕು? ಮಾಳಿಗೆಗೆ ಬಿಳಿ ಕೂಲ್ ರೂಫ್ ಬಣ್ಣ ಬಳಿಸಿದವರು ಇಲ್ಲಿ ಯಾರಾದರೂ ಇದ್ದೀರಾ? ಎರಡನೇ ಬೇಸಿಗೆಗೂ ಅದು ಉಳಿಯಿತಾ? ಅಥವಾ 1.5 ಟನ್‌ಗೆ ಬದಲಿಸುವುದೇ ದಾರಿಯಾ? ಅಷ್ಟು ದುಡ್ಡು ಸದ್ಯಕ್ಕೆ ಕಷ್ಟ, ಅದಕ್ಕೇ ಮೊದಲು ಮಾಳಿಗೆ ಸರಿ ಮಾಡೋಣ ಅಂತ ನನ್ನ ಯೋಚನೆ. ಕಲಬುರಗಿ, ಯಾದಗಿರಿ ಕಡೆಯವರು ಮಾಡಿ ನೋಡಿದ್ದನ್ನೇ ಹೇಳಿ, ದಯವಿಟ್ಟು.