ಚಿತ್ರದಲ್ಲಿ ಕಾಣುವ ‘ನಾಯ್ಸ್’ಗೆ ‘ರವೆ’ ಎನ್ನಬಹುದೇ?

ಬಳಗದವರಿಗೆ ನಮಸ್ಕಾರ.

ಹೊಸದಾಗಿ ಡ್ರೋನ್ ಹಿಡಿಯುತ್ತಿರುವ ಮದುವೆ ಫೋಟೋಗ್ರಾಫರುಗಳಿಗೆಂದು ಒಂದು ಕೈಪಿಡಿ ಬರೆಯುತ್ತಿದ್ದೇನೆ. ಮಿನಿ 2, ಏರ್ 2ಎಸ್ ಎಂಬ ಎರಡು ಡ್ರೋನುಗಳ ರಾ ಚಿತ್ರಗಳನ್ನು (ಕ್ಯಾಮೆರಾ ತಾನೇ ತಿದ್ದದೆ ಹಾಗೆಯೇ ಉಳಿಸಿದ ಫೈಲುಗಳನ್ನು) ಅಕ್ಕಪಕ್ಕ ಇಟ್ಟು ನೋಡುವ ಅಧ್ಯಾಯದಲ್ಲಿ ‘ನಾಯ್ಸ್’ ಎಂಬ ಮಾತು, ಅಂದರೆ ಮಂದ ಬೆಳಕಿನ ಚಿತ್ರದಲ್ಲಿ ಏಳುವ ಕಾಳುಕಾಳು, ಹೆಜ್ಜೆಹೆಜ್ಜೆಗೂ ಬರುತ್ತದೆ. ಮೊದಲ ಕರಡಿನಲ್ಲಿ ‘ಗದ್ದಲ’ ಎಂದು ಬರೆದಿದ್ದೆ. ‘ಮಿನಿ 2ರಲ್ಲಿ ಗದ್ದಲ ಹೆಚ್ಚು’ ಎಂಬ ಸಾಲು ಓದಿದ ನನ್ನ ತಮ್ಮ, ಅವನೂ ಸ್ಟುಡಿಯೋದವನೇ, “ಯಾವುದಣ್ಣ, ರೆಕ್ಕೆ ಸದ್ದಾ?” ಎಂದು ಕೇಳಿದ. ಅವನು ಕೇಳಿದ್ದು ಸರಿಯಾಗಿಯೇ ಇದೆ. ಬೇರೆ ಕ್ಯಾಮೆರಾದ ವಿಷಯದಲ್ಲಿ ಹೇಗೋ ನಡೆದೀತು, ಹಾರುವಾಗ ಗುಂಯ್‌ಗುಡುವ ಯಂತ್ರದ ವಿಷಯದಲ್ಲಿ ಸದ್ದು, ಗದ್ದಲ ಎರಡೂ ದಾರಿ ತಪ್ಪಿಸುತ್ತವೆ.

ನಾನು ಹೆಸರಿಡಬೇಕಾದದ್ದು ಯಾವುದು ಎಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮೂರ ಕೆರೆ ಏರಿಯ ಮೇಲೆ, ಹೊತ್ತು ಮುಳುಗಿದ ಮೇಲೆ, ಡಿಜೆಐ ಮಿನಿ 2 ಮತ್ತು ಏರ್ 2ಎಸ್ ಎರಡರಲ್ಲೂ ಒಂದೇ ನೋಟ ತೆಗೆದೆ. ಎರಡರ ಅಪರ್ಚರೂ (ಬೆಳಕು ಒಳಬರುವ ಕಿಂಡಿ) ಎಫ್ 2.8. ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ) ಎರಡರಲ್ಲೂ 800, ಶಟರ್ ವೇಗವೂ ಒಂದೇ. ಚಿತ್ರವನ್ನು ಹಿಗ್ಗಿಸಿ ಹೊಂಗೆ ಮರದ ಬುಡದ ಕತ್ತಲನ್ನು ನೋಡಿದರೆ, ಮಿನಿ 2ರಲ್ಲಿ ಕೆಂಪು, ಹಸಿರು ಚುಕ್ಕೆ ಎರಚಿದ ಹಾಗಿದೆ. ಎಲೆ ಯಾವುದು, ಮಣ್ಣು ಯಾವುದು ತಿಳಿಯುವುದಿಲ್ಲ. ಏರ್ 2ಎಸ್‌ನಲ್ಲೂ ಕಾಳುಕಾಳು ಇದೆ, ಆದರೆ ಸಣ್ಣದು, ಬಣ್ಣ ಕೆಟ್ಟಿಲ್ಲ.

ಕಾರಣ ಸೆನ್ಸರಿನ, ಅಂದರೆ ಬೆಳಕು ಹಿಡಿಯುವ ಬಿಲ್ಲೆಯ, ಅಳತೆ. ಮಿನಿ 2ರದು ಸುಮಾರು 28 ಚದರ ಮಿಲಿಮೀಟರ್, ಏರ್ 2ಎಸ್‌ನದು ಸುಮಾರು 116. (ಇದನ್ನು ಎಲ್ಲರೂ ‘ಒಂದಿಂಚಿನ ಸೆನ್ಸರ್’ ಎನ್ನುತ್ತಾರೆ. ಅದರ ಕರ್ಣ 16 ಮಿಲಿಮೀಟರಿನಷ್ಟೇ. ಹಳೆಯ ಟೀವಿ ಕ್ಯಾಮೆರಾಗಳ ಗಾಜಿನ ಕೊಳವೆಯ ಹೊರವ್ಯಾಸದ ಲೆಕ್ಕ ಹೆಸರಿನಲ್ಲಿ ಉಳಿದುಕೊಂಡಿದೆ.) ಮೊದಲ ಮಳೆಯ ನಾಲ್ಕು ಹನಿ ಬಿದ್ದಾಗ ಅಂಗಳದ ಧೂಳು ಒಂದು ಕಡೆ ನೆನೆದು ಒಂದು ಕಡೆ ಒಣಗಿಯೇ ಇರುತ್ತದಲ್ಲ, ಬೆಳಕೂ ಸೆನ್ಸರಿನ ಮೇಲೆ ಹಾಗೆಯೇ ಕಣಕಣವಾಗಿ ಬೀಳುತ್ತದೆ. ಮಳೆ ಹಿಡಿದಂತೆ ಅಂಗಳ ಒಂದೇ ಸಮ ಒದ್ದೆಯಾಗುತ್ತದೆ. ಬೆಳಕು ನಾಲ್ಕು ಪಟ್ಟು ಸಿಕ್ಕಿದರೆ ಅದರೆದುರು ಈ ಏರುಪೇರಿನ ಪಾಲು ಅರ್ಧಕ್ಕೆ ಇಳಿಯುತ್ತದೆ. ಈ ಎರಡು ಡ್ರೋನುಗಳ ನಡುವೆ ನಾನು ಕಂಡ ವ್ಯತ್ಯಾಸದ ಬಹುಪಾಲು ಇಷ್ಟೇ. ಜೆಪೆಗ್‌ನಲ್ಲಿ ಹೋಲಿಸಿದರೆ ಇದು ಕಾಣುವುದಿಲ್ಲ. ಅಲ್ಲಿ ಡ್ರೋನೇ ಚಿತ್ರವನ್ನು ತೀಡಿ ನುಣುಪು ಮಾಡಿರುತ್ತದೆ, ಹುಲ್ಲು ಮೇಣ ಬಳಿದ ಹಾಗೆ ಕಾಣುತ್ತದೆ.

ಈಗ ಪದಕ್ಕೆ ಬರುತ್ತೇನೆ. ಸ್ಟುಡಿಯೋಗಳಲ್ಲಿ ‘ಗ್ರೇನ್ಸ್ ಬಂದಿದೆ’, ‘ಗ್ರೇನ್ಸ್ ಹೊಡೀತಿದೆ’ ಎನ್ನುವುದೇ ರೂಢಿ. ಆ್ಯಂಟೆನಾ ಕಾಲದಲ್ಲಿ ಟೀವಿ ಕೈಕೊಟ್ಟಾಗ ನಮ್ಮ ಮನೆಯಲ್ಲಿ ‘ಇರುವೆ ಬಂತು’ ಎನ್ನುತ್ತಿದ್ದೆವು. ಆಗ ತೆರೆಯ ಮೇಲೆ ಇರುವೆಯೂ ಕಿವಿಗೆ ಸೊರ್ ಎಂಬ ಸದ್ದೂ ಒಟ್ಟಿಗೇ ಬರುತ್ತಿದ್ದವು. ಫೋನು, ರೇಡಿಯೋದ ಕಿರಿಕಿರಿಗೆ ಹುಟ್ಟಿದ ‘ನಾಯ್ಸ್’ ಚಿತ್ರಕ್ಕೂ ಅಂಟಿಕೊಂಡದ್ದು ಎರಡೂ ವಿದ್ಯುತ್ತಿನ ಏರಿಳಿತವೇ ಆದ್ದರಿಂದ.

ಕಣಕಣವಾಗಿ ಬರುವುದರಿಂದ ಆಗುವ ಈ ಏರುಪೇರಿಗೆ ಇಂಗ್ಲಿಷಿನವರು ‘ಶಾಟ್ ನಾಯ್ಸ್’ ಎನ್ನುವುದರ ಹಿಂದೆ ಜರ್ಮನ್ ಮಾತಿದೆ. ಜರ್ಮನ್ ಭೌತವಿಜ್ಞಾನಿ ವಾಲ್ಟರ್ ಶಾಟ್ಕಿ 1918ರಲ್ಲಿ ನಿರ್ವಾತ ಕೊಳವೆಗಳಲ್ಲಿ ಇದನ್ನು ವಿವರಿಸಿದಾಗ ‘ಶ್ರೋಟ್’ ಎಂಬ ಪದ ಬಳಸಿದ. ಅದಕ್ಕೆ ಕೋವಿಗೆ ತುಂಬುವ ಚರೆ ಎಂಬ ಅರ್ಥವೂ ಉಂಟು, ತರಿಯಾಗಿ ಬೀಸಿದ ಧಾನ್ಯ ಎಂಬ ಅರ್ಥವೂ ಉಂಟು. ಇಂಗ್ಲಿಷು ಚರೆಯನ್ನು ಹಿಡಿಯಿತು. ಕನ್ನಡ ತರಿಯನ್ನು ಹಿಡಿಯಬಾರದೇಕೆ ಎನಿಸಿತು. ನಮ್ಮಲ್ಲಿ ತುಪ್ಪ ‘ರವೆರವೆಯಾಗಿದೆ’ ಎನ್ನುತ್ತೇವೆ. ‘ನೆರಳಿನಲ್ಲಿ ರವೆ ಎದ್ದಿದೆ’, ‘ಬಣ್ಣದ ರವೆ’, ‘ರವೆ ಇಳಿಸುವುದು’ ಎಂದು ಬರೆದು ನೋಡಿದೆ, ವಾಕ್ಯ ಎಲ್ಲೂ ತಡೆಯಲಿಲ್ಲ. ಸದ್ದು ಎಂಬ ಅರ್ಥದ ಸಂಸ್ಕೃತದ ‘ರವ’ವೂ ಪಕ್ಕದಲ್ಲೇ ಕೇಳಿಸುತ್ತದೆ. ಹುಟ್ಟಿನ ನಂಟನ್ನು ನಾನು ಹೇಳುತ್ತಿಲ್ಲ, ನೆನಪಿಡಲು ಅನುಕೂಲ ಅಷ್ಟೆ.

ನನ್ನನ್ನು ತಡೆಯುತ್ತಿರುವುದು ಎರಡು. ಹಳೆಯ ಫಿಲ್ಮಿನ ಗ್ರೇನು ನಿಜಕ್ಕೂ ಬೆಳ್ಳಿಯ ಹರಳು, ವಸ್ತುವೇ ಅಲ್ಲಿತ್ತು; ಅದಕ್ಕೂ ‘ರವೆ’, ಇದಕ್ಕೂ ‘ರವೆ’ ಎಂದರೆ ಭೇದ ಅಳಿಸಿಹೋಗುತ್ತದೆ. ಇನ್ನೊಂದು, ಕತ್ತಲ ಚಿತ್ರವನ್ನು ಎಳೆದು ಬೆಳಗಿಸಿದಾಗ ಕೆಲವು ಸಲ ಅಡ್ಡಗೆರೆ ಮೂಡುತ್ತದೆ. ಅದೂ ನಾಯ್ಸೇ. ಗೆರೆಗೆ ರವೆ ಎನ್ನಲು ಬಾಯಿ ಬರುವುದಿಲ್ಲ.

ಜೊತೆಗೆ ‘ರಾ’ ಬಗ್ಗೆಯೂ ಒಂದು ಮಾತು. ‘ಕಚ್ಚಾ’ ನನಗೆ ಒಗ್ಗುತ್ತಿಲ್ಲ. ಕಚ್ಚಾ ರಸ್ತೆ, ಕಚ್ಚಾ ಬಿಲ್ಲು ಎಂದಾಗ ಕೀಳು ಎಂಬ ಛಾಯೆ ಇದೆ, ರಾ ಫೈಲಿನಲ್ಲಿರುವುದೋ ಜೆಪೆಗ್‌ಗಿಂತ ಹೆಚ್ಚಿನ ಮಾಹಿತಿ. ಇನ್ನೂ ಬೇಯಿಸದ್ದು ಎಂಬ ‘ಹಸಿ’ ಸರಿಹೊಂದುತ್ತದೆ. ಆದರೆ ‘ಹಸಿ ಚಿತ್ರ’ ಎಂದೊಡನೆ ಸಿನಿಮಾ ಪುಟಗಳ ‘ಹಸಿಬಿಸಿ’ ನೆನಪಾಗುತ್ತದೆ. ಸದ್ಯಕ್ಕೆ ‘ಹಸಿ ಫೈಲು’ ಎಂದು ಬರೆದಿದ್ದೇನೆ.

ಗೆರೆ, ಚುಕ್ಕೆ ಎರಡನ್ನೂ ಒಳಗೊಳ್ಳುವ ಮಾತು ನಿಮ್ಮ ಸೀಮೆಯಲ್ಲಿ ಇದೆಯೇ? ನೇಯ್ಗೆಯಲ್ಲಿ, ಅಚ್ಚುಮನೆಯಲ್ಲಿ ಇಂಥ ಕೆಡುಕಿಗೆ ಏನೆನ್ನುತ್ತಾರೆ ಎಂದು ಬಲ್ಲವರು ದಯವಿಟ್ಟು ತಿಳಿಸಿ. ಬಳಸುವ ಇಡೀ ವಾಕ್ಯವನ್ನೇ ಕೊಟ್ಟರೆ ಇನ್ನೂ ಒಳ್ಳೆಯದು.