ಧೂಮಪಾನ ಕೊಠಡಿಯ ಗಾಜಿನ ಬಾಗಿಲು ಹೊಗೆಯನ್ನು ತಡೆಯುತ್ತದೆಯೇ?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ರೆಸ್ಟೋರೆಂಟ್ ಒಂದರಲ್ಲಿ ಬಡಿಸುವ ಕೆಲಸದಲ್ಲಿದ್ದೇನೆ. ನಮ್ಮಲ್ಲಿ ಧೂಮಪಾನಿಗಳಿಗಾಗಿ ಗಾಜಿನ ಕೊಠಡಿಯಿದೆ. ಅದರಲ್ಲಿ ಎಕ್ಸಾಸ್ಟ್ ಫ್ಯಾನ್, ಏರ್ ಪ್ಯೂರಿಫೈಯರ್ ಎರಡೂ ಇವೆ. ಆದರೂ ಪಾಳಿ ಮುಗಿಯುವ ಹೊತ್ತಿಗೆ ಗಂಟಲು ಕೆರೆಯುತ್ತದೆ, ಕಣ್ಣು ಉರಿಯುತ್ತದೆ. ಕಾರ್ಬನ್ ಡೈಆಕ್ಸೈಡ್ ಮೀಟರ್ ಹಸಿರು ತೋರಿಸುತ್ತಿರುವುದರಿಂದ ಗಾಳಿ ಶುದ್ಧವಾಗಿದೆ ಎಂದು ಮ್ಯಾನೇಜರ್ ಹೇಳುತ್ತಾರೆ. ಇದು ನಿಜವೇ?

ಉತ್ತರ (ವಾತಾಯನ ಎಂಜಿನಿಯರ್): ನಮಸ್ಕಾರ. ಆ ಮೀಟರ್ ಅಳೆಯುವುದು ಜನರ ಉಸಿರಿನಿಂದ ಎಷ್ಟು ಕಾರ್ಬನ್ ಡೈಆಕ್ಸೈಡ್ ಒಳಗೆ ಸೇರಿಕೊಂಡಿದೆ ಎಂಬುದನ್ನೇ ಹೊರತು ಹೊಗೆಯನ್ನಲ್ಲ. ಹೊಗೆಯನ್ನು ತಿಳಿಯಲು ಪಿಎಂ 2.5, ಅಂದರೆ ಗಾಳಿಯಲ್ಲಿ ತೇಲುವ ಅತಿಸೂಕ್ಷ್ಮ ಕಣಗಳನ್ನು ಅಳೆಯಬೇಕು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ ಇಪ್ಪತ್ನಾಲ್ಕು ಗಂಟೆಗಳ ಸರಾಸರಿ ಮಿತಿ ಘನ ಮೀಟರಿಗೆ 15 ಮೈಕ್ರೋಗ್ರಾಂ. ನಾಲ್ಕಾರು ಜನ ಸೇದುವ ಮುಚ್ಚಿದ ಜಾಗದಲ್ಲಿ ಅದು ನೂರು ದಾಟುವುದು ಅಪರೂಪವಲ್ಲ.

ಬಾಗಿಲನ್ನು ನೀವೇ ಪರೀಕ್ಷಿಸಬಹುದು. ಅದನ್ನು ಬೆರಳಗಲ ತೆರೆದು, ಆ ಸಂದಿನಲ್ಲಿ ತೆಳುವಾದ ಟಿಶ್ಯೂ ಕಾಗದದ ಎಳೆಯೊಂದನ್ನು ಹಿಡಿಯಿರಿ. ಫ್ಯಾನ್ ಚೆನ್ನಾಗಿ ಎಳೆಯುತ್ತಿದ್ದರೆ ಎಳೆ ಕೊಠಡಿಯೊಳಕ್ಕೆ ಬಾಗಿ ನಿಲ್ಲುತ್ತದೆ. ಆದರೆ ಯಾರಾದರೂ ತಟ್ಟೆ ಹಿಡಿದು ಹೊರಬಂದ ಕ್ಷಣದಲ್ಲಿ, ಅವರ ಬೆನ್ನ ಹಿಂದೆಯೇ ಗಾಳಿಯೂ ನುಗ್ಗಿ ಬರುವುದರಿಂದ, ಅದೇ ಎಳೆ ಹೊರಕ್ಕೆ ತಿರುಗುವುದನ್ನು ನೋಡುವಿರಿ. ಒಂದು ಪಾಳಿಯಲ್ಲಿ ಆ ಬಾಗಿಲು ಎಷ್ಟು ಸಲ ತೆರೆಯುತ್ತದೆ ಎಂಬುದು ನಿಮಗೇ ಗೊತ್ತು. ಅದಕ್ಕಿಂತ ಮುಖ್ಯವಾಗಿ, ಒಳಗೆ ಹೋಗಿ ಬಡಿಸುವವರನ್ನು ಯಾವ ಗಾಜೂ ಕಾಯುವುದಿಲ್ಲ. ನನ್ನನ್ನು ಹೆಚ್ಚು ಕಾಡುವುದು ಇದೇ.

ಪ್ಯೂರಿಫೈಯರಿನ ಹೆಪಾ ಫಿಲ್ಟರ್ ಕಣಗಳನ್ನು ಹಿಡಿಯುತ್ತದೆ, ಆದರೆ ಕಾರ್ಬನ್ ಮಾನಾಕ್ಸೈಡ್, ಬೆಂಜೀನ್‌ನಂತಹ ಅನಿಲಗಳು ಅದನ್ನು ದಾಟಿ ಹೋಗುತ್ತವೆ. ಒಳಾಂಗಣ ಧೂಮಪಾನವನ್ನು ಪೂರ್ತಿ ನಿಲ್ಲಿಸುವುದೊಂದೇ ದಾರಿ ಎಂದು ವಾತಾಯನ ಎಂಜಿನಿಯರುಗಳ ಸಂಘವಾದ ಆಶ್ರೇ ಕೂಡ ಹೇಳಿದೆ. ಐರ್ಲೆಂಡ್ 2004ರ ಮಾರ್ಚ್ 29ರಿಂದ ಪಬ್ಬುಗಳೂ ಸೇರಿದಂತೆ ಒಳಾಂಗಣದ ಕೆಲಸದ ಸ್ಥಳಗಳಲ್ಲಿ ಧೂಮಪಾನವನ್ನು ನಿಷೇಧಿಸಿದ ಬಳಿಕ, ಸೇದದ ಬಾರ್ ನೌಕರರ ಜೊಲ್ಲಿನಲ್ಲಿ ನಿಕೋಟಿನ್‌ನ ಗುರುತಾದ ಕೊಟಿನಿನ್ ಬಹಳವಾಗಿ ಇಳಿದದ್ದು ಕಂಡುಬಂತು.

ಮರುಪ್ರಶ್ನೆ: ರಾತ್ರಿಯಿಡೀ ಕಿಟಕಿ ತೆರೆದಿಟ್ಟರೆ ಸಾಲದೇ? ಗರ್ಭಿಣಿಯಾಗಿರುವ ಸಹೋದ್ಯೋಗಿಯೊಬ್ಬರನ್ನೂ ಅದೇ ಕೊಠಡಿಗೆ ಹಾಕುತ್ತಿದ್ದಾರೆ.

ಉತ್ತರ: ಸಾಲದು. ಒದ್ದೆಯಾದ ಬಿಳಿ ಬಟ್ಟೆಯಿಂದ ಆ ಕೊಠಡಿಯ ಗೋಡೆಯನ್ನು ಒರೆಸಿದರೆ ಬಟ್ಟೆಗೆ ಹಳದಿ ಅಂಟು ಮೆತ್ತಿಕೊಳ್ಳುತ್ತದೆ. ಪರದೆ, ಕುರ್ಚಿಯ ಬಟ್ಟೆಗಳಲ್ಲಿ ಕೂತ ನಿಕೋಟಿನ್ ಮರುದಿನವೂ ಗಾಳಿಗೆ ಸೇರುತ್ತಿರುತ್ತದೆ. ನಿಮ್ಮ ಸಹೋದ್ಯೋಗಿಯ ವಿಷಯವಂತೂ ಕಾಯುವಂಥದ್ದಲ್ಲ. ಪರರ ಹೊಗೆಯಿಂದ ಮಗುವಿನ ಜನನ ತೂಕ ಕಡಿಮೆಯಾಗುವ ಅಪಾಯವಿರುವುದರಿಂದ, ಅವರನ್ನು ಇಂದಿನ ಪಾಳಿಯಿಂದಲೇ ಆ ಕೊಠಡಿಯಿಂದ ದೂರವಿಡುವಂತೆ ಬರಹದಲ್ಲೇ ಕೇಳಿ. ಬೇಕಾದರೆ ಈ ಉತ್ತರವನ್ನೂ ಮ್ಯಾನೇಜರ್ ಅವರಿಗೆ ತೋರಿಸಿ.